ಅಜ್ಜಿಗೆ ಹೇಳದೆ ಬಿಟ್ಟ ಪರ್ವ

ಪಕ್ಕದ ಅಂಗಡಿಯ ಬ್ಯಾರಿ ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ ನಾನು ಅರುವತ್ತರ ಹೊಸ್ತಿಲಲ್ಲಿ ಧರ್ಮಗ್ರಂಥ ಹಿಡಿದು ಕೂರುವ ಪ್ರಮೇಯವೇ ಇರಲಿಲ್ಲ. ಕೂಳೂರು ಸೇತುವೆ ದಾಟಿದ ಮೇಲೆ ಹೆದ್ದಾರಿ ಬದಿಯಲ್ಲಿ ನಮ್ಮ ಹೋಟೆಲು. ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತಿದ್ದೇನೆ. ಪಕ್ಕದಲ್ಲೇ ಬ್ಯಾರಿಯ ಕೊಡೆ, ಚಪ್ಪಲಿ ಅಂಗಡಿ. ಗಲ್ಫಿನಲ್ಲಿ ಹತ್ತಿಪ್ಪತ್ತು ವರ್ಷ ದುಡಿದು ಬಂದು ಕಾಟಿಪಳ್ಳದಲ್ಲಿ ಮನೆ ಮಾಡಿಕೊಂಡ ಮನುಷ್ಯ. ದಿನಾ ಹನ್ನೊಂದು ಗಂಟೆಗೆ ಬಂದು ನನ್ನ ಕುರ್ಚಿಯ ಎದುರಿನ ಮೇಜಿನಲ್ಲಿ ಕೂತು ಒಂದು ಪ್ಲೇಟ್ ಗೋಳಿಬಜೆ, ಒಂದು ಖಡಕ್ ಚಾ. ಉಪವಾಸದ ತಿಂಗಳಲ್ಲಿ ಮಾತ್ರ ಆ ಜಾಗ ಖಾಲಿ. ಹಬ್ಬ ಕಳೆದು ಬಂದ ಮೊದಲ ದಿನ, ಈ ಸಲವೂ ಗ್ರಂಥ ಪೂರ್ತಿ ಓದಿ ಮುಗಿಸಿದೆ ಎಂದು ನನಗೆ ವರದಿ ಒಪ್ಪಿಸುತ್ತಾರೆ. ಅದೇ ಪುಸ್ತಕ ವರ್ಷ ವರ್ಷ ಓದಿದರೆ ಕಥೆ ಬದಲಾಗುತ್ತದಾ ಎಂದು ನಾನು ಗೇಲಿ ಮಾಡುತ್ತೇನೆ, ಅವರು ನಕ್ಕು ಗೋಳಿಬಜೆಗೆ ಚಟ್ನಿ ಹಚ್ಚಿಕೊಳ್ಳುತ್ತಾರೆ.

ಈ ವರ್ಷ ಮಾತ್ರ ಅವರು ಮುಗಿಸಿರಲಿಲ್ಲ. ಇಷ್ಟು ವರ್ಷ ಅರಬ್ಬಿಯಲ್ಲಿ ಓದುತ್ತಿದ್ದೆ, ಅರ್ಥ ಗೊತ್ತಿರಲಿಲ್ಲ, ಈ ಸಲ ಕನ್ನಡದಲ್ಲಿ ಅರ್ಥ ಇರುವುದನ್ನು ತಂದೆ, ಅರ್ಥ ಹಿಡಿದು ಓದಿದರೆ ಒಂದು ತಿಂಗಳು ಎಲ್ಲಿಗೂ ಸಾಲುವುದಿಲ್ಲ ಎಂದರು. ನಾನು ಬಿಟ್ಟೇನೆಯೇ? ಯಾವ ಧರ್ಮದ್ದೇ ಆಗಲಿ, ಈ ದಪ್ಪ ಪುಸ್ತಕಗಳಲ್ಲಿ ಮನುಷ್ಯರಿಗೆ ಬೇಕಾದ್ದು ಏನೂ ಇಲ್ಲ, ಇದ್ದರೆ ಪ್ರಪಂಚ ಹೀಗಿರುತ್ತಿತ್ತಾ ಎಂದು ಶುರು ಮಾಡಿದೆ. ದೇವರಿಲ್ಲ ಎಂದು ನಾನು ತೀರ್ಮಾನ ಮಾಡಿದ್ದು ಹದಿನಾರನೇ ವಯಸ್ಸಿಗೆ. ಅಂದಿನಿಂದ ಇದು ನನ್ನ ಬಾಯಿಪಾಠ. ಬ್ಯಾರಿ ಪೂರ್ತಿ ಕೇಳಿಸಿಕೊಂಡು ಕೈ ಒರೆಸಿಕೊಂಡರು.

"ಅಕ್ಕ, ನೀವು ಬೈಯಿರಿ, ನನಗೆ ಬೇಜಾರಿಲ್ಲ. ಆದ್ರೆ ನೀವು ಒಂದನ್ನಾದ್ರೂ ಮೊದಲಿನಿಂದ ಕಡೇವರೆಗೆ ಓದಿದ್ದುಂಟಾ?"

"ಉಂಟು. ಸಣ್ಣ ಇರುವಾಗಲೇ ಓದಿ, ಅಜ್ಜಿಗೆ ಇಡೀ ಅರ್ಥ ಹೇಳಿದ್ದೇನೆ," ಎಂದೆ.

ಹೇಳಿದ್ದೇ ಎದ್ದು ಅಡುಗೆಮನೆಗೆ ಹೋಗಿ, ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಭಟ್ಟರ ಮೇಲೆ ಹರಿಹಾಯ್ದೆ. ಸಾಂಬಾರು ಸರಿಯಾಗಿಯೇ ಇತ್ತು. ನಾನು ಹೇಳಿದ್ದು ಸುಳ್ಳು; ಅಜ್ಜಿಗೆ ಇಡೀ ಹೇಳಿರಲಿಲ್ಲ ಎಂಬುದು ನಲವತ್ತು ವರ್ಷ ದಾಟಿದ ಮೇಲೂ ನನ್ನ ಹೊಟ್ಟೆಯೊಳಗೆ ಹಾಗೇ ಕೂತಿತ್ತು.

ಆಗ ನಾವು ಪಡೀಲಿನಲ್ಲಿದ್ದೆವು. ಹಂಚಿನ ಮನೆ, ಎದುರು ಜಗಲಿ, ಒಳಗೆ ಅಪ್ಪ, ಅಮ್ಮ, ನಾನು ಮತ್ತು ಅಮ್ಮನ ಅಮ್ಮ. ಅಜ್ಜಿಗೆ ಓದು ಬರಹ ಇಲ್ಲ, ತುಳು ಬಿಟ್ಟರೆ ಬೇರೆ ಭಾಷೆ ಇಲ್ಲ. ಮನೆಯಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ. ಆಟಿ, ಅಂದರೆ ಆಷಾಢದ ತಿಂಗಳು ಬಂದರೆ ಹೊರಗೆ ಬಿಡದ ಮಳೆ, ಕೆಲಸಕ್ಕೆ ಬಿಡುವು. ಆಗ ಮನೆಮನೆಯಲ್ಲಿ ಪುರಾಣ ಓದಿಸುವುದು ನಮ್ಮ ಕಡೆಯ ಪದ್ಧತಿ. ಒಬ್ಬರು ಕನ್ನಡದಲ್ಲಿ ಓದುವುದು, ಇನ್ನೊಬ್ಬರು ಅದರ ಅರ್ಥವನ್ನು ತುಳುವಿನಲ್ಲಿ ಬಿಡಿಸಿ ಹೇಳುವುದು. ನಮ್ಮಲ್ಲಿ ಓದುವವರು ಅಪ್ಪ. ಹೋಟೆಲಿನಿಂದ ಸಂಜೆ ಬಂದು ಸ್ನಾನ ಮಾಡಿ, ದೀಪ ಹಚ್ಚುವ ಹೊತ್ತಿಗೆ ಮಣೆ ಹಾಕಿ ಕೂರುತ್ತಿದ್ದರು. ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಎರಡು ದಪ್ಪ ಸಂಪುಟ. ಅಣ್ಣತಮ್ಮಂದಿರು ರಾಜ್ಯಕ್ಕಾಗಿ ಹದಿನೆಂಟು ದಿನ ಹೊಡೆದಾಡಿ ಸರ್ವನಾಶವಾಗುವ ಆ ದೊಡ್ಡ ಕಥೆ, ಹಳೇ ಅಚ್ಚಿನ ಗದ್ಯದಲ್ಲಿ. ಶಾಲೆಯಲ್ಲಿ ಕನ್ನಡದಲ್ಲಿ ಮೊದಲು ಬರುತ್ತಿದ್ದವಳೆಂದು ಅರ್ಥ ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದ್ದರು.

ಅದನ್ನು ಇಡೀ ಓದುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮನೆಯೊಳಗೆ ಮೊದಲಿನಿಂದ ಕೊನೆಯವರೆಗೆ ಓದಿದರೆ ಜಗಳವಾಗುತ್ತದೆ ಎಂದು ಹಿರಿಯರು ಹೆದರಿ, ಅಲ್ಲಲ್ಲಿ ಹಾರಿಸಿ ಓದಿ ಮಂಗಳ ಹಾಡುತ್ತಿದ್ದರು. ಆ ವರ್ಷ ಅಜ್ಜಿ ಹಟ ಹಿಡಿದರು. ಈ ಸಲ ಇಡೀ ಆಗಬೇಕು, ಒಂದು ಸಾಲೂ ಬಿಡಬಾರದು, ಆಟಿಯಲ್ಲಿ ಮುಗಿಯದಿದ್ದರೆ ಅದರ ಮುಂದಿನ ಸೋಣ ತಿಂಗಳೂ ಓದಿ ಎಂದರು. ಅಪ್ಪ ಜಗಳದ ಮಾತು ತೆಗೆದರೆ, ಓದದೆಯೂ ಈ ಮನೆಯಲ್ಲಿ ದಿನಾ ಜಗಳ ಉಂಟಲ್ಲ ಎಂದು ಅಮ್ಮನ ಕಡೆಗೂ ನನ್ನ ಕಡೆಗೂ ನೋಡಿದರು. ಅಪ್ಪ ನಕ್ಕು ಒಪ್ಪಿಕೊಂಡರು. ಒಪ್ಪಿದ ಮೇಲೆ ಅಪ್ಪನದು ಗಟ್ಟಿ ನಿಯಮ. ಸಾಲು ಬಿಟ್ಟರೆ, ಪುಟ ಹಾರಿಸಿದರೆ, ಮಗಳೆಂದು ನೋಡದೆ ಬೆನ್ನಿಗೆ ಬೀಳುತ್ತದೆ ಎಂದು ಮೊದಲ ದಿನವೇ ಹೇಳಿಬಿಟ್ಟರು.

ಆ ಸಂಜೆಗಳನ್ನು ನೆನೆದರೆ ಈಗಲೂ ಮೂಗಿಗೆ ಸುಟ್ಟ ಹಲಸಿನ ಬೀಜದ ವಾಸನೆ ಬರುತ್ತದೆ. ಅಜ್ಜಿ ಗೋಡೆಗೆ ಒರಗಿ ಕಾಲು ನೀಡಿ, ಸಣ್ಣ ಕಲ್ಲಿನಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೇಳುತ್ತಿದ್ದರು. ಅಪ್ಪ ಓದುವಾಗ ಕುಟ್ಟುವ ಸದ್ದು ಇರುತ್ತಿತ್ತು. ನಾನು ಅರ್ಥ ಹೇಳಲು ಶುರು ಮಾಡಿದರೆ ನಿಲ್ಲುತ್ತಿತ್ತು. ಕೇಳುವುದೆಂದರೆ ಸುಮ್ಮನೆ ಕೇಳುವುದಲ್ಲ. ಕಥೆಯ ರಾಜರನ್ನೆಲ್ಲ ನಮ್ಮ ನೆಂಟರಂತೆ ಬೈಯುವುದು, ಹೊಗಳುವುದು. ಜೂಜಾಡಿ ಹೆಂಡತಿಯನ್ನು ಸೋತ ದಿನ, ಅವನಿಗೆ ನಾಳೆಯಿಂದ ಊಟ ಹಾಕಬೇಡ ಎಂದು ಅಮ್ಮನಿಗೆ ಹೇಳಿದ್ದು ನೆನಪಿದೆ. ಯಕ್ಷಗಾನದ ಆಟ ನೋಡಿ ನೋಡಿ ಮುಕ್ಕಾಲು ಕಥೆ ಅಜ್ಜಿಗೆ ಮೊದಲೇ ಗೊತ್ತಿತ್ತು. ನಾನು ಎಲ್ಲಾದರೂ ತಪ್ಪಿದರೆ ಅಲ್ಲೇ ಹಿಡಿಯುತ್ತಿದ್ದರು. ಗೊತ್ತಿದ್ದ ಮೇಲೆ ನನ್ನ ಬಾಯಿ ಯಾಕೆ ನೋಯಿಸುತ್ತೀರಿ ಎಂದು ನಾನು ಸಿಡುಕಿದರೆ, ಆಟದಲ್ಲಿ ಎಲ್ಲ ತೋರಿಸುವುದಿಲ್ಲ, ಗೆದ್ದ ಕೂಡಲೇ ಮಂಗಳ ಹಾಡಿ ಗೆಜ್ಜೆ ಬಿಚ್ಚುತ್ತಾರೆ ಎನ್ನುತ್ತಿದ್ದರು. ಆ ಮಾತನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಗಷ್ಟೇ ಕಾಲೇಜು ಸೇರಿ ದೇವರನ್ನು ಬಿಟ್ಟ ಹೊಸತು; ನನ್ನ ಕಿವಿಗೆ ನನ್ನ ಮಾತೇ ದೊಡ್ಡದಾಗಿತ್ತು.

ಸೋಣದ ಒಂದು ಭಾನುವಾರ ಅಪ್ಪನಿಗೆ ಹೊತ್ತಿಗೆ ಬರಲಾಗಲಿಲ್ಲ. ಸೇತುವೆಯ ಮೇಲೆ ಲಾರಿ ಕೆಟ್ಟು ನಿಂತು ಹೆದ್ದಾರಿ ಇಡೀ ಬಂದ್. ಓದು ಒಂದು ದಿನವೂ ನಿಲ್ಲಬಾರದು ಎಂದು ಅಜ್ಜಿ ನನ್ನನ್ನೇ ಮಣೆಯ ಮೇಲೆ ಕೂರಿಸಿದರು. ಓದುವುದೂ ನಾನೇ, ಅರ್ಥ ಹೇಳುವುದೂ ನಾನೇ. ಅದೇ ಹೊತ್ತಿಗೆ ಆಚೆಮನೆಯವರ ಹೊಸ ಟಿ.ವಿ.ಯಲ್ಲಿ ಭಾನುವಾರದ ಸಿನಿಮಾ. ಇಡೀ ಬೀದಿಗೆ ಅದೊಂದೇ ಟಿ.ವಿ. ಹಾಡಿನ ಸದ್ದು ನಮ್ಮ ಜಗಲಿಗೆ ಕೇಳುತ್ತಿತ್ತು, ನನ್ನ ಕಾಲು ಅಲ್ಲಿಗೆ ಎಳೆಯುತ್ತಿತ್ತು.

ಪುಟ ತೆರೆದೆ. ಯುದ್ಧ ಮುಗಿದಿತ್ತು. ಮುಂದಿನದು ಹೆಂಗಸರ ಪರ್ವ. ಸತ್ತವರ ತಾಯಂದಿರು, ಹೆಂಡಂದಿರು ರಣರಂಗಕ್ಕೆ ಬಂದು ತಮ್ಮ ತಮ್ಮವರನ್ನು ಹುಡುಕುವುದು, ಗುರುತು ಹಿಡಿಯುವುದು, ಅಳುವುದು. ಬೆರಳಿಗೆ ಉಗುಳು ಹಚ್ಚಿ ಮಗುಚಿ ನೋಡಿದೆ, ಪುಟಗಟ್ಟಲೆ ಬರೀ ಅಳು. ಯಾರು ಓದುತ್ತಾರೆ ಇದನ್ನು ಎಂದುಕೊಂಡೆ. ಅಷ್ಟೂ ಪುಟಗಳನ್ನು ಒಟ್ಟಿಗೆ ಹಿಡಿದು ಮಗುಚಿ, ಮುಂದಿನ ಪರ್ವದಿಂದ ಎರಡು ಪುಟ ಓದಿ, ಯುದ್ಧ ಮುಗಿಯಿತು, ದೊಡ್ಡವನಿಗೆ ಪಟ್ಟಾಭಿಷೇಕದ ಮಾತಾಯಿತು, ಇವತ್ತಿಗೆ ಇಷ್ಟು ಎಂದು ಪುಸ್ತಕ ಮುಚ್ಚಿದೆ.

ಅಜ್ಜಿ ಅಡಿಕೆ ಕುಟ್ಟುತ್ತಿರಲಿಲ್ಲ. ಕಲ್ಲು ಮಡಿಲಲ್ಲಿ ಹಾಗೇ ಇತ್ತು.

"ಮುಗೀತಾ? ಆ ಹೆಂಗಸರ ವಿಷಯ ಎಂತ ಇಲ್ವಾ ಮಗಾ?"

"ಎಂತ ಇಲ್ಲ ಅಜ್ಜಿ," ಎಂದೆ. ಎದ್ದು ಓಡಿದೆ. ಆ ಸಿನಿಮಾ ಯಾವುದೆಂದು ಈಗ ನನಗೆ ನೆನಪಿಲ್ಲ. ನಾಚಿಕೆಯಾಗುವುದು ಅದಕ್ಕೇ.

ಮರುದಿನ ಸಂಜೆ ಅಪ್ಪ ಮಣೆಯ ಮೇಲೆ ಕೂತು, ನಿನ್ನೆ ಎಲ್ಲಿಯವರೆಗೆ ಆಯಿತು, ಹೆಂಗಸರ ಪರ್ವ ಪೂರ್ತಿ ಓದಿದೆಯಾ ಎಂದು ಕೇಳಿದರು. ನನ್ನ ಬೆನ್ನು ಆಗಲೇ ಏಟಿಗೆ ತಯಾರಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಗೋಡೆಯ ಕಡೆಯಿಂದ ಅಜ್ಜಿಯ ಮಾತು ಬಂತು. ಮಗು ಎಲ್ಲ ಓದಿದ್ದಾಳೆ, ಚಂದ ಮಾಡಿ ಅರ್ಥ ಹೇಳಿದ್ದಾಳೆ, ನೀವು ಮುಂದೆ ಓದಿ ಎಂದರು. ಅಪ್ಪ ಮುಂದೆ ಓದಿದರು. ನನಗೋ ಬದುಕಿದೆಯಾ ಬಡಜೀವವೇ ಎಂಬ ನೆಮ್ಮದಿ. ವಯಸ್ಸಾಯಿತು, ಅಜ್ಜಿಗೆ ನಿನ್ನೆಯದು ಇವತ್ತಿಗೆ ನೆನಪಿರುವುದಿಲ್ಲ ಎಂದುಕೊಂಡೆ. ಸೋಣದ ಕೊನೆಗೆ ಮಂಗಳವಾಯಿತು. ಪಾಯಸ, ಹತ್ತು ಮನೆಯವರು ಊಟಕ್ಕೆ. ಬಂದವರಿಗೆಲ್ಲ ಅಪ್ಪ, ಒಂದು ಸಾಲೂ ಬಿಡದೆ ಇಡೀ ಓದಿದೆವು ಎಂದು ಹೆಮ್ಮೆಯಿಂದ ಹೇಳಿಕೊಂಡರು. ಅಜ್ಜಿ ಹೌದು ಹೌದು ಎಂದು ತಲೆಯಾಡಿಸಿದರು. ಮುಂದಿನ ಆಟಿ ಬರುವ ಮೊದಲೇ ಅಜ್ಜಿ ತೀರಿಕೊಂಡರು.

ಬ್ಯಾರಿಯ ಪ್ರಶ್ನೆ ಕೇಳಿದ ವಾರವೇ ಅಟ್ಟದ ಪೆಟ್ಟಿಗೆಯಿಂದ ಆ ಸಂಪುಟಗಳನ್ನು ತೆಗೆದೆ. ಈಗ ಪಡೀಲಿನ ಹಂಚಿನ ಮನೆ ಇಲ್ಲ, ಅದೇ ಜಾಗದಲ್ಲಿ ತಾರಸಿ ಮನೆ; ಅಪ್ಪ ಇಲ್ಲ, ಎಂಬತ್ತೈದರ ಅಮ್ಮ ನನ್ನ ಜೊತೆಗಿದ್ದಾರೆ. ಕೆಂಪು ಬಟ್ಟೆ ಬಿಳಿಚಿ ಹೋಗಿತ್ತು, ಪುಟಗಳ ಅಂಚು ಬಿಸ್ಕತ್ತಿನಂತೆ ಮುರಿಯುತ್ತಿತ್ತು. ಬ್ಯಾರಿಗೆ ಹೇಳಿದ ಸುಳ್ಳನ್ನಾದರೂ ನಿಜ ಮಾಡೋಣ ಎಂಬ ಹಟ ಅಷ್ಟೆ. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಎರಡು ಗಂಟೆ, ದಿನಾ. ಬ್ಯಾರಿ ಬಂದು, ಎಲ್ಲಿಗೆ ಬಂತು ಅಕ್ಕ ಎಂದು ಕೇಳುವುದು, ನಾನು ಪುಟದ ನಂಬರು ಹೇಳುವುದು, ಅವರು ತಮ್ಮದು ಹೇಳುವುದು. ಶಾಲೆಯ ಮಕ್ಕಳಂತೆ ನಮಗಿಬ್ಬರಿಗೂ ಸ್ಪರ್ಧೆ. ಅರ್ಥ ಹಿಡಿದು ಓದಿದರೆ ಬೇಗ ಆಗುವುದಿಲ್ಲ ಎಂದು ಬ್ಯಾರಿ ಹೇಳಿದ್ದು ಸರಿಯೇ. ನಾನು ಬೈಯಬೇಕೆಂದುಕೊಂಡ ಕಡೆ ಬೈದೆ. ಬೈಯಲಾಗದ ಜಾಗಗಳೂ ಬಹಳ ಸಿಕ್ಕಿದವು. ದೇವರ ಮೇಲೆ ನಂಬಿಕೆ ಬಂತೇ ಎಂದರೆ ಇಲ್ಲ. ಓದುತ್ತಾ ಓದುತ್ತಾ ಅಜ್ಜಿಯ ಬೈಗುಳಗಳು ನೆನಪಾಗಿ ಒಬ್ಬಳೇ ಕೂತು ನಕ್ಕಿದ್ದೇನೆ, ಅಷ್ಟು ನಿಜ.

ಆಟಿ ಶುರುವಾದ ಮೂರನೇ ದಿನ ಹೆಂಗಸರ ಪರ್ವಕ್ಕೆ ಬಂದೆ. ನಾನು ಅಂದು ಮಗುಚಿದ ಪುಟಗಳು ಆಮೇಲೆ ಯಾರ ಕೈಯೂ ತಾಗದೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಪ್ಪನೂ ಅವನ್ನು ಯಾವತ್ತೂ ತೆರೆದಿರಲಿಲ್ಲ. ಚಾಕುವಿನಿಂದ ಮೆಲ್ಲಗೆ ಬಿಡಿಸಿ ಓದಿದೆ. ಬದುಕಿಡೀ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ ತಾಯಿಗೂ ಅಲ್ಲಿ ಎಲ್ಲ ಕಾಣುತ್ತದೆ. ಒಬ್ಬೊಬ್ಬ ಮಗನನ್ನೂ ಹುಡುಕಿ, ಇವನು ಇಂಥವನು, ಹೀಗೆ ಮಲಗಿದ್ದಾನೆ ಎಂದು ಹೇಳುತ್ತಾ ಹೋಗುತ್ತಾಳೆ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಯಾರೂ ಆ ಹೆಂಗಸರ ಬಾಯಿ ಮುಚ್ಚಿಸುವುದಿಲ್ಲ. ದೇವರೆನಿಸಿಕೊಂಡವನೂ ಎದುರಿಗೆ ನಿಂತು ಬೈಸಿಕೊಳ್ಳುತ್ತಾನೆ.

ಆಗ ನನಗೆ ಮಾವನ ನೆನಪಾಯಿತು. ಮಾವ ಎಂದರೆ ಅಮ್ಮನ ಅಣ್ಣ, ಅಜ್ಜಿಯ ಒಬ್ಬನೇ ಮಗ. ನಾನು ಹುಟ್ಟುವ ಮೊದಲೇ ಬೊಂಬಾಯಿಯ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದು ಅಲ್ಲೇ ಜ್ವರ ಬಂದು ತೀರಿಕೊಂಡವರು. ದೇಹ ಊರಿಗೆ ಬರಲಿಲ್ಲ. ಬಂದದ್ದು ಒಂದು ಕಾಗದ, ಎರಡು ವಾರದ ಮೇಲೆ ಒಂದು ಟ್ರಂಕು. ಅಜ್ಜಿ ಅತ್ತದ್ದನ್ನು ಯಾರೂ ನೋಡಿಲ್ಲ, ಮರುದಿನ ಎಂದಿನಂತೆ ರುಬ್ಬುವ ಕಲ್ಲಿನಲ್ಲಿ ಅಕ್ಕಿ ಕಡೆಯಲು ಕೂತರು ಎಂದು ಅಮ್ಮ ಯಾವಾಗಲೋ ಹೇಳಿದ್ದರು.

ಆ ಸಂಜೆ ಮನೆಗೆ ಹೋದವಳೇ ಅಮ್ಮನ ಹತ್ತಿರ ಕೂತು, ಹೆಂಗಸರು ಅಳುವ ಪರ್ವ ಒಂದು ಉಂಟೆಂದು ಅಜ್ಜಿಗೆ ಗೊತ್ತಿತ್ತಾ ಎಂದು ಕೇಳಿದೆ.

"ಗೊತ್ತಿತ್ತಾ ಅಂತ ಎಂತ ಕೇಳುದು? ಅದಕ್ಕೇ ಅಲ್ವಾ ಇಡೀ ಓದಿಸಿದ್ದು," ಎಂದರು ಅಮ್ಮ.

ದೇವಸ್ಥಾನದಲ್ಲಿ ಪ್ರವಚನ ಹೇಳುವವರೊಬ್ಬರು ಹಿಂದಿನ ವರ್ಷ ಅಜ್ಜಿಗೆ ಹೇಳಿದ್ದರಂತೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಏನೇನು ಮಾತಾಡಿದರು ಎಂಬುದೆಲ್ಲ ಆ ಪುಸ್ತಕದಲ್ಲಿ ಉಂಟು, ಆಟದಲ್ಲಿ ಅದನ್ನು ಆಡುವುದಿಲ್ಲ ಎಂದು. ಅಂದಿನಿಂದ ಅಜ್ಜಿಗೆ ಅದೊಂದೇ ಆಸೆ. ಮಗನ ಮುಖ ನೋಡದೆ ಕಳಿಸಿದವಳು ತಾನು, ನೋಡಿದವರು ಏನು ಹೇಳಿದರು ಎಂದು ಒಮ್ಮೆ ಕೇಳಬೇಕು ಎನ್ನುತ್ತಿದ್ದರಂತೆ. ಆ ಒಂದು ಪರ್ವಕ್ಕಾಗಿ ಒಂದೂವರೆ ತಿಂಗಳು ರಾಜರ ಕಥೆಯನ್ನೆಲ್ಲ ಕೇಳುತ್ತಾ ಗೋಡೆಗೆ ಒರಗಿ ಕಾದಿದ್ದರು.

ನಾನು ಹಾರಿಸಿದ್ದು ಅವರಿಗೆ ಗೊತ್ತಾಯಿತಾ ಎಂದು ನಾನು ಕೇಳಬೇಕಾಗಿಯೂ ಬರಲಿಲ್ಲ.

"ಅವತ್ತೇ ನನ್ನತ್ರ ಹೇಳಿದ್ರು," ಎಂದರು ಅಮ್ಮ. "ಸಣ್ಣ ಮಗು, ಅಷ್ಟು ಹೆಣ, ಅಷ್ಟು ಅಳು ಓದ್ಲಿಕ್ಕೆ ಹೆದರಿಕೆ ಆಗಿರಬೇಕು, ಪಾಪ. ಅವಳ ಅಪ್ಪನಿಗೆ ಹೇಳ್ಬೇಡ, ಹೊಡೀತಾರೆ. ಮುಂದಿನ ಆಟಿಗೆ ಓದಿಸುವ ಅಂತ."

ನಾನು ಹೆದರಿರಲಿಲ್ಲ. ನನಗೆ ಸಿನಿಮಾ ನೋಡಬೇಕಿತ್ತು. ಅದನ್ನು ಅಮ್ಮನಿಗೆ ಹೇಳಿದೆ, ಹೇಳಿ ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮ ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ. ಟಿ.ವಿ.ಯ ಸದ್ದು ಕಡಿಮೆ ಮಾಡಿದರು, ಅಷ್ಟೆ.

ಮರುದಿನ ಹನ್ನೊಂದಕ್ಕೆ ಬ್ಯಾರಿ ಬಂದಾಗ, ಅವತ್ತು ನಾನು ಹೇಳಿದ್ದು ಸುಳ್ಳು, ಪೂರ್ತಿ ಓದಿರಲಿಲ್ಲ ಎಂದೆ. ಯಾಕೆ, ಏನು ಎಂದು ಎಲ್ಲ ಹೇಳಿದೆ. ಅವರ ಚಾ ಆರಿ ಹೋಯಿತು. ಇಷ್ಟು ವರ್ಷ ಅರ್ಥ ಗೊತ್ತಿಲ್ಲದೆ ಓದಿದ್ದಕ್ಕೆ ತನಗೂ ಒಳಗೆ ಹೀಗೇ ಆಗುತ್ತದೆ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಈಗಾದ್ರೂ ಓದಿ ಹೇಳಿ ಅಕ್ಕ," ಎಂದರು. ಸತ್ತವರಿಗೆ ಎಲ್ಲಿ ಓದಿ ಹೇಳುವುದು ಮಾರಾಯ್ರೆ ಎಂದು ನಾನು ರೇಗಿದೆ. ರೇಗಿದ ಮೇಲೆ, ಎಲ್ಲಿ ಎಂಬುದು ನನಗೇ ಹೊಳೆಯಿತು.

ಆಟಿಯಲ್ಲಿ ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ ಬಡಿಸುವುದು ನಮ್ಮಲ್ಲಿ ಉಂಟು. ಒಳಕೋಣೆಯಲ್ಲಿ ದೀಪ ಹಚ್ಚಿಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಕಾಯಬೇಕು. ಅವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ನನಗೆ ಆ ನಂಬಿಕೆ ಇಲ್ಲ, ಆದರೆ ಪ್ರತಿ ವರ್ಷವೂ ಕೋಳಿ ಸಾರಿಗೆ ಮಸಾಲೆ ಕಡೆಯುವವಳು ನಾನೇ. ಹೊರಗೆ ಕಾಯುವಾಗ, ಅಜ್ಜಿಗೆ ಇನ್ನೊಂದು ತುಂಡು ಬೇಕಾ ಕೇಳಿ ಅಮ್ಮ ಎಂದು ತಮಾಷೆ ಮಾಡುವವಳೂ ನಾನೇ.

ಈ ವರ್ಷ ಎರಡು ಎಲೆ ಹಾಕಿದೆವು, ಅಜ್ಜಿಗೊಂದು, ಮಾವನಿಗೊಂದು; ಅಪ್ಪನಿಗೆ ಬಡಿಸುವುದು ಅವರ ಕುಟುಂಬದ ಮನೆಯಲ್ಲಿ. ಕೋಳಿ ಸಾರು, ನೀರುದೋಸೆ, ಪತ್ರೊಡೆ. ಅಜ್ಜಿಯ ಎಲೆಯ ಪಕ್ಕದಲ್ಲಿ ಕುಟ್ಟಿದ ಎಲೆ ಅಡಿಕೆ. ದೀಪ ಹಚ್ಚುವ ಹೊತ್ತು. ಬಾಗಿಲು ಎಳೆದುಕೊಂಡು ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಬಾಗಿಲಿನ ಈಚೆ ಅಪ್ಪನ ಮಣೆ ಹಾಕಿ ಕೂತು ಪುಸ್ತಕ ತೆರೆದೆ.

ಅಪ್ಪನಂತೆ ಕನ್ನಡದಲ್ಲಿ ಓದಿದೆ, ಆಮೇಲೆ ತುಳುವಿನಲ್ಲಿ ಅರ್ಥ ಹೇಳಿದೆ. ಕಾಲೇಜು ಹುಡುಗಿಯ ಅವಸರದ ತುಳು ಅಲ್ಲ. ಅಜ್ಜಿಯ ಬಾಯಲ್ಲಿ ಇದ್ದ ಹಳೇ ಮಾತುಗಳನ್ನೇ ಹುಡುಕಿ ಹುಡುಕಿ ಹೇಳಿದೆ. ತಾಯಿ ಮೊದಲ ಮಗನನ್ನು ಗುರುತು ಹಿಡಿದ ಜಾಗಕ್ಕೆ ಬಂದಾಗ ತಲೆ ಎತ್ತಿ ನೋಡಿದೆ. ಬಾಗಿಲ ಆಚೆ ಏನೂ ಸದ್ದಿಲ್ಲ, ಇರುತ್ತದೆಂದು ನಾನು ಅಂದುಕೊಂಡಿರಲೂ ಇಲ್ಲ. ಅಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ತಮ್ಮ ಅಣ್ಣನನ್ನು ಅವರೂ ಕಡೆಯ ಸಲ ನೋಡಿದ್ದು ಬಸ್ಸಿನ ಕಿಟಕಿಯಲ್ಲಿ ಎಂಬುದು ಆಗ ನನಗೆ ನೆನಪಾಯಿತು. ನಾನು ಆ ಪರ್ವವನ್ನು ಹಾರಿಸಿದ ಸಂಜೆ ಅವರೂ ಅಲ್ಲೇ, ಅಡುಗೆಮನೆಯ ಬಾಗಿಲಲ್ಲಿ ಕಿವಿ ಕೊಟ್ಟು ನಿಂತಿದ್ದರು.

ಸಾಮಾನ್ಯವಾಗಿ ಕಾಲು ಗಂಟೆ ಕಾದು ಬಾಗಿಲು ತೆರೆಯುತ್ತೇವೆ. ಒಂದು ಗಂಟೆ ಕಳೆದಿತ್ತು. ಒಳಗೆ ಸಾರು ತಣ್ಣಗಾಗಿರಬೇಕು. ನಾನು ಕನ್ನಡಕ ಒರೆಸಿಕೊಳ್ಳಲು ಓದು ನಿಲ್ಲಿಸಿದಾಗ ಅಮ್ಮ ಬಗ್ಗಿ ನನ್ನ ಹೆಗಲು ಮುಟ್ಟಿದರು.

"ಮುಗೀತಾ ಮಗಾ?"

"ಇಲ್ಲ ಅಮ್ಮ. ಇನ್ನೂ ಉಂಟು," ಎಂದು ಪುಟ ತಿರುಗಿಸಿದೆ. ಒಂದೇ ಪುಟ.